ಓದುಗರ ಪ್ರಶ್ನೆ, ನಮ್ಮ ಉತ್ತರ: ಸಣ್ಣ ರಂಗಮಂದಿರದಲ್ಲಿ ಕೂತು ನೋಡುವವರ ಪಾಡು

ಮೈಸೂರು ಮತ್ತು ಮಂಡ್ಯದ ಸಣ್ಣ ರಂಗಮಂದಿರಗಳಲ್ಲಿ ನಾಟಕ ನೋಡುವವರು ತಮ್ಮ ಅನುಭವಗಳನ್ನು ಬರೆದು ಕಳುಹಿಸಬೇಕೆಂದು ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ನಾಟಕಗಳ ಬಗ್ಗೆ ಮೆಚ್ಚುಗೆ ಧಾರಾಳವಾಗಿದೆ; ಕುರ್ಚಿಯ ಬಗ್ಗೆ, ಹೊತ್ತಿನ ಬಗ್ಗೆ, ಬಾಗಿಲಲ್ಲಿ ನಿಂತವರ ಮಾತಿನ ಬಗ್ಗೆ ದೂರು ಅದಕ್ಕಿಂತಲೂ ಧಾರಾಳವಾಗಿದೆ. ರಂಗಮಂದಿರ ಮತ್ತು ತಂಡಗಳ ಹೆಸರುಗಳನ್ನು ನಾವೇ ತೆಗೆದಿದ್ದೇವೆ. ಹೆಸರು ಉಳಿಸಿದ್ದರೆ ಒಬ್ಬಿಬ್ಬರ ಮೇಲೆ ತಪ್ಪು ಹೊರಿಸಿದಂತಾಗುತ್ತಿತ್ತು. ಇಲ್ಲಿನ ದೂರುಗಳಾದರೋ ಹೆಚ್ಚುಕಡಿಮೆ ಎಲ್ಲ ಕಡೆಗೂ ಸಲ್ಲುವಂಥವು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. 200 ರೂಪಾಯಿ ಕೊಟ್ಟು ಟಿಕೆಟ್ ಕೊಂಡು, ನೂರೈವತ್ತು ಜನ ಹಿಡಿಸುವ ಒಂದು ರಂಗಮಂದಿರಕ್ಕೆ ನಾಟಕ ನೋಡಲು ಹೋಗಿದ್ದೆ. ನೆಲ ಸಪಾಟಾಗಿತ್ತು, ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದ್ದರು. ನಾಲ್ಕನೇ ಸಾಲಿನಲ್ಲಿ ಜಾಗ ಸಿಕ್ಕಿತು. ಮುಂದೆ ಕುಳಿತವರು ಎತ್ತರದ ಆಳು. ಮುಖ್ಯ ದೃಶ್ಯಗಳಲ್ಲೆಲ್ಲ ನಟರು ನೆಲದ ಮೇಲೆ ಕುಳಿತೇ ಮಾತನಾಡಿದ್ದರಿಂದ ನನಗೆ ಕೇಳಿಸಿದ್ದು ನಾಟಕ, ಕಂಡದ್ದು ಆ ಮಹನೀಯರ ಬೆನ್ನು. ಬೇರೆ ಜಾಗ ಕೊಡಿ ಎಂದು ಸ್ವಯಂಸೇವಕರನ್ನು ಕೇಳಿದರೆ, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಮ್ಮ’ ಎಂದರು. ಇದು ನನ್ನ ಗ್ರಹಚಾರವೋ, ಕಟ್ಟಡದ ದೋಷವೋ? (ಕುವೆಂಪುನಗರದ ಓದುಗರು)

ಉತ್ತರ: ಗ್ರಹಚಾರವಲ್ಲ ಅಮ್ಮ, ಲೆಕ್ಕಾಚಾರ ತಪ್ಪಿದ್ದು. ಕುಳಿತ ಮನುಷ್ಯನ ಕಣ್ಣಿಗೂ ನೆತ್ತಿಗೂ ಇರುವ ಅಂತರ ಸುಮಾರು 12 ಸೆಂಟಿಮೀಟರ್. ಹಿಂದಿನವರ ನೋಟ ಮುಂದಿನವರ ನೆತ್ತಿಯ ಮೇಲಿಂದ ಹಾದು ರಂಗವನ್ನು ಮುಟ್ಟಬೇಕಾದರೆ, ಪ್ರತಿ ಸಾಲಿಗೂ ಅಷ್ಟು ಅಂತರ ಒದಗುವ ಹಾಗೆ ನೆಲ ಏರುತ್ತ ಹೋಗಬೇಕು. ಕುರ್ಚಿಗಳನ್ನು ಒಂದರ ಬೆನ್ನಿಗೊಂದು ಇಡದೆ, ಮುಂದಿನ ಎರಡು ಕುರ್ಚಿಗಳ ಸಂದಿಗೆ ನೇರವಾಗಿ ಹಿಂದಿನ ಕುರ್ಚಿ ಬರುವಂತೆ ಇಟ್ಟರೆ, ನೋಟ ಎರಡು ತಲೆಗಳ ನಡುವೆ ಹಾಯುವುದರಿಂದ ಅದರ ಅರ್ಧದಷ್ಟು ಏರಿದರೂ ನಡೆಯುತ್ತದೆ. ನೀವು ಹೋದ ಕಡೆ ನೆಲವೂ ಏರಿರಲಿಲ್ಲ, ಕುರ್ಚಿಗಳೂ ಸಂದಿ ನೋಡಿ ಇಟ್ಟವಾಗಿರಲಿಲ್ಲ ಎಂದು ನಿಮ್ಮ ಪತ್ರದಿಂದ ತಿಳಿಯುತ್ತದೆ. ಇಂಥ ಕಡೆ ಮೂರನೇ ಸಾಲಿನ ನಂತರ ಕುಳಿತವರು ನಟರ ಸೊಂಟದಿಂದ ಮೇಲಿನ ಭಾಗವನ್ನು ಮಾತ್ರ ನೋಡುತ್ತಾರೆ. ನಟರು ಕುಳಿತರೆ ಅದೂ ಇಲ್ಲ.

ಇದು ಹೊಸ ಕಾಲದ ವಿದ್ಯೆಯೇನಲ್ಲ. ಭರತನ ನಾಟ್ಯಶಾಸ್ತ್ರದ ಎರಡನೇ ಅಧ್ಯಾಯವು ಪ್ರೇಕ್ಷಕರ ಪೀಠಗಳನ್ನು ಇಟ್ಟಿಗೆ ಮತ್ತು ಮರದಿಂದ, ಮೆಟ್ಟಿಲಿನ ಆಕಾರದಲ್ಲಿ, ಹಸ್ತದ ಅಳತೆಯಲ್ಲಿ ನೆಲದಿಂದ ಎತ್ತರಿಸಿ ಕಟ್ಟಬೇಕೆಂದು ಹೇಳುತ್ತದೆ. ಅದೇ ಅಧ್ಯಾಯದಲ್ಲಿ ಮನುಷ್ಯರ ನಾಟಕಕ್ಕೆ ತಕ್ಕದ್ದೆಂದು ಹೇಳಿರುವ ಮಧ್ಯಮ ಗಾತ್ರದ ನಾಟ್ಯಗೃಹ 64 ಹಸ್ತ ಉದ್ದ, 32 ಹಸ್ತ ಅಗಲದ್ದು. ಹಸ್ತವನ್ನು ಒಂದೂವರೆ ಅಡಿ ಎಂದು ಹಿಡಿದರೆ 96 ಅಡಿಗೆ 48 ಅಡಿ. ಅದರಲ್ಲಿ ಅರ್ಧ ರಂಗಕ್ಕೂ ನೇಪಥ್ಯಕ್ಕೂ ಹೋಗುತ್ತದೆ, ಉಳಿದರ್ಧ ಪ್ರೇಕ್ಷಕರದು; ಎಂದರೆ ಕಟ್ಟಕಡೆಗೆ ಕುಳಿತವರೂ ರಂಗದಿಂದ 48 ಅಡಿಗಿಂತ ಹೆಚ್ಚು ದೂರ ಇರುವುದಿಲ್ಲ. ಇದಕ್ಕಿಂತ ದೊಡ್ಡದಾಗಿ ಕಟ್ಟಿದರೆ ಮಾತು ಕೆಡುತ್ತದೆ, ಮುಖದ ಭಾವ ಕಾಣದಾಗುತ್ತದೆ ಎಂದು ಕಾರಣವನ್ನೂ ಕೊಟ್ಟಿದ್ದಾನೆ. ನಮ್ಮ ಸಣ್ಣ ರಂಗಮಂದಿರಗಳು ಗಾತ್ರದಲ್ಲಿ ಭರತನ ಮಾತನ್ನು ತಿಳಿದೋ ತಿಳಿಯದೆಯೋ ನಡೆಸಿವೆ. ಮೆಟ್ಟಿಲಿನ ಮಾತನ್ನು ಮಾತ್ರ ಮರೆತಿವೆ. ಹತ್ತಿರ ಕೂರಿಸಿದ ಮಾತ್ರಕ್ಕೆ ಕಾಣುತ್ತದೆ ಎಂದು ಅವರು ನಂಬಿರುವಂತಿದೆ.

ಕಟ್ಟಡವನ್ನು ಒಡೆದು ಕಟ್ಟುವ ಶಕ್ತಿ ಸಣ್ಣ ತಂಡಗಳಿಗೆ ಇರುವುದಿಲ್ಲ, ಒಪ್ಪೋಣ. ಆದರೆ ಖರ್ಚಿಲ್ಲದ ಉಪಾಯಗಳೂ ಇವೆ. ಕಂಪನಿ ನಾಟಕಗಳ ಕಾಲದಲ್ಲಿ ಚಾಪೆ, ಬೆಂಚು, ಕುರ್ಚಿ ಎಂಬ ದರ್ಜೆಗಳಿದ್ದವು. ಅದು ದುಡ್ಡಿನ ದರ್ಜೆಯೇ ಆಗಿದ್ದರೂ, ನೆಲದ ಮೇಲೆ ಕುಳಿತವರ ಹಿಂದೆ ಬೆಂಚು, ಬೆಂಚಿನ ಹಿಂದೆ ಕುರ್ಚಿ ಬಂದ ಕಡೆಗಳಲ್ಲಿ ನೋಟಕ್ಕೂ ಮೂರು ಎತ್ತರಗಳು ತಾವಾಗಿ ಒದಗುತ್ತಿದ್ದವು. ಇಂದಿಗೂ ಮುಂದಿನ ಎರಡು ಸಾಲಿಗೆ ಜಮಖಾನ ಹಾಸಿ, ನಂತರ ತಗ್ಗಿನ ಬೆಂಚು ಇಟ್ಟು, ಅದರ ಹಿಂದೆ ಕುರ್ಚಿ ಹಾಕಿ, ಕೊನೆಯ ಎರಡು ಸಾಲನ್ನು ಮರದ ಹಲಗೆಯ ಅಟ್ಟದ ಮೇಲೆ ಏರಿಸಿದರೆ ನಿಮ್ಮ ದೂರಿನ ಮುಕ್ಕಾಲು ಪಾಲು ಕಳೆಯುತ್ತದೆ. ನೆಲದ ಮೇಲೆ ಕೂರಲು ಕಾಲೇಜಿನ ಹುಡುಗರೂ ಮಕ್ಕಳೂ ಸಂತೋಷದಿಂದ ಒಪ್ಪುತ್ತಾರೆ. ಇನ್ನು ನಿರ್ದೇಶಕರು ಮಾಡಬೇಕಾದದ್ದು ಇನ್ನೂ ಸುಲಭ: ತಾಲೀಮಿನ ಕೊನೆಯ ದಿನ ಮುಂದಿನ ಕುರ್ಚಿಗಳಲ್ಲಿ ಜನರನ್ನು ಕೂರಿಸಿ, ತಾವು ಕೊನೆಯ ಸಾಲಿಗೆ ಹೋಗಿ ಕುಳಿತು ನೋಡುವುದು. ಕುಳಿತು ಆಡುವ ದೃಶ್ಯವಿದ್ದರೆ ಅದನ್ನು ಒಂದು ಮಂಚದ ಮೇಲೆಯೋ ಜಗಲಿಯ ಮೇಲೆಯೋ ಏರಿಸಬೇಕೆಂದು ಆಗ ಯಾರೂ ಹೇಳಿಕೊಡಬೇಕಾಗಿಲ್ಲ.

ಸ್ವಯಂಸೇವಕರ ಮಾತಿನ ಬಗ್ಗೆ ಒಂದು ಮಾತು. ನೀವು ದುಡ್ಡು ಕೊಟ್ಟು ಕೊಂಡದ್ದು ನಾಟಕದ ನೋಟವನ್ನು. ಕುರ್ಚಿ ಅದಕ್ಕೊಂದು ಸಾಧನ ಅಷ್ಟೆ. ಆದ್ದರಿಂದ ‘ಕುರ್ಚಿ ಕೊಟ್ಟಿದ್ದೇವಲ್ಲ’ ಎಂಬುದು ಉತ್ತರವಾಗಲಾರದು. ಬೇರೆ ಜಾಗ ಇಲ್ಲದಿದ್ದರೆ ಇಲ್ಲವೆಂದು ಹೇಳಿ, ನಾಟಕ ಶುರುವಾಗುವ ಮೊದಲೇ ದುಡ್ಡು ಹಿಂದಿರುಗಿಸುವ ಅಥವಾ ಮತ್ತೊಂದು ದಿನದ ಪ್ರದರ್ಶನಕ್ಕೆ ಬರಲು ಹೇಳುವ ಅಧಿಕಾರ ಬಾಗಿಲಲ್ಲಿ ನಿಂತವರಿಗೆ ಇರಬೇಕು. ಮುಂದಿನ ಸಲ ಸಪಾಟು ನೆಲದ ರಂಗಮಂದಿರಕ್ಕೆ ಹೋದಾಗ ನೀವು ಸಾಲಿನ ನಡುವೆ ಕೂರದೆ ಓಡಾಡುವ ದಾರಿಯ ಪಕ್ಕದ ಕುರ್ಚಿಯನ್ನು ಹಿಡಿಯಿರಿ. ದಾರಿಯ ಖಾಲಿ ಜಾಗದ ಮೇಲಿಂದ ಓರೆಯಾಗಿಯಾದರೂ ರಂಗ ಪೂರ್ತಿ ಕಾಣುತ್ತದೆ.

ಪ್ರಶ್ನೆ: ಆಮಂತ್ರಣ ಪತ್ರಿಕೆಯಲ್ಲಿ ನಾಟಕ ಸಂಜೆ 6.30ಕ್ಕೆ ಎಂದಿತ್ತು. ಮಂಡ್ಯದಿಂದ ಮೈಸೂರಿಗೆ ಬಂದು ಆರು ಗಂಟೆಗೇ ಕುಳಿತೆ. ಸ್ವಾಗತ, ಪ್ರಾಸ್ತಾವಿಕ ನುಡಿ, ಐವರಿಗೆ ಸನ್ಮಾನ, ಅಧ್ಯಕ್ಷರ ಭಾಷಣ, ವಂದನಾರ್ಪಣೆ ಮುಗಿದು ನಾಟಕ ಆರಂಭವಾದದ್ದು ಎಂಟು ಗಂಟೆಗೆ. ಮಂಡ್ಯ ತಲುಪಿದ ಮೇಲೆ ನಮ್ಮೂರಿಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆಂದು ಅರ್ಧದಲ್ಲೇ ಎದ್ದು ಬಂದೆ. ಇದನ್ನು ಕೇಳುವವರು ಯಾರು? (ಮಂಡ್ಯ ತಾಲ್ಲೂಕಿನ ಓದುಗರು)

ಉತ್ತರ: ನೀವು ಕೇಳಿದ್ದೀರಿ, ನಾವು ಅಚ್ಚು ಹಾಕುತ್ತಿದ್ದೇವೆ. ಈ ಒಂದು ವಿಷಯದ ಮೇಲೆ ಬಂದಷ್ಟು ಪತ್ರಗಳು ಬೇರೆ ಯಾವುದರ ಮೇಲೂ ಬಂದಿಲ್ಲ.

ಸಭಾ ಕಾರ್ಯಕ್ರಮ ಏಕೆ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಾಟಕಕ್ಕೆ ಧನಸಹಾಯ ಬೇಕು, ಧನಸಹಾಯ ಕೊಡಿಸಿದವರಿಗೆ ವೇದಿಕೆ ಬೇಕು, ವೇದಿಕೆ ಹತ್ತಿದವರಿಗೆ ಹಾರ, ಶಾಲು, ಮೈಸೂರು ಪೇಟ ಆಗಬೇಕು. ಟಿಕೆಟ್ಟಿನ ದುಡ್ಡಿನಿಂದಲೇ ಬದುಕುವ ಸ್ಥಿತಿ ನಮ್ಮ ಹವ್ಯಾಸಿ ತಂಡಗಳಿಗಿಲ್ಲ. ಹಾಗಾಗಿ ಸಭೆಯನ್ನೇ ರದ್ದು ಮಾಡಿ ಎಂದು ಬರೆಯುವುದು ಸುಲಭ, ನಡೆಸುವುದು ಕಷ್ಟ. ಆದರೆ ಸಭೆಗೆ ಒಂದು ಹೊತ್ತು, ನಾಟಕಕ್ಕೆ ಇನ್ನೊಂದು ಹೊತ್ತು ಎಂದು ಆಮಂತ್ರಣದಲ್ಲಿ ಬೇರೆಬೇರೆಯಾಗಿ ಅಚ್ಚು ಹಾಕಿಸಲು ಯಾವ ಖರ್ಚೂ ಇಲ್ಲ. ‘ಸಭೆ 6.00, ನಾಟಕ 7.00, ಮುಕ್ತಾಯ 8.45’ ಎಂಬ ಒಂದು ಸಾಲು ಇದ್ದಿದ್ದರೆ ನೀವು ಏಳಕ್ಕೆ ಬರುತ್ತಿದ್ದಿರಿ, ಅಥವಾ ಬಸ್ಸಿನ ಲೆಕ್ಕ ಹಾಕಿ ಬರುವುದನ್ನೇ ಬಿಡುತ್ತಿದ್ದಿರಿ. ಎರಡೂ ನಿಮ್ಮ ನಿರ್ಧಾರವಾಗಿರುತ್ತಿತ್ತು. ಮುಕ್ತಾಯದ ಹೊತ್ತನ್ನು ಹೇಳುವ ರೂಢಿ ನಮ್ಮಲ್ಲಿ ಇಲ್ಲವೇ ಇಲ್ಲ. ಮೈಸೂರಿನಿಂದ ಮಂಡ್ಯ 45 ಕಿಲೋಮೀಟರು. ಹೆದ್ದಾರಿಯ ಬಸ್ಸು ರಾತ್ರಿಯೂ ಸಿಗುತ್ತದೆ, ಅಲ್ಲಿಂದ ಮುಂದೆ ಹಳ್ಳಿಯ ದಾರಿಗೆ ಸಿಗುವುದಿಲ್ಲ. ಮೈಸೂರಿನೊಳಗೇ ಎಂಟೂವರೆಯ ನಂತರ ಬಡಾವಣೆಗಳಿಗೆ ಸಿಟಿ ಬಸ್ಸು ವಿರಳವಾಗುತ್ತದೆ, ಆಟೋದವರು ಮೀಟರಿನ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಪ್ರೇಕ್ಷಕ ಮನೆ ಸೇರುವುದು ಹೇಗೆ ಎಂದು ಯೋಚಿಸದೆ ಹೊತ್ತು ನಿಗದಿ ಮಾಡುವವರು, ಸ್ವಂತ ವಾಹನ ಉಳ್ಳವರಿಗಾಗಿ ಮಾತ್ರ ನಾಟಕ ಮಾಡುತ್ತಿದ್ದಾರೆ ಎಂದೇ ತಿಳಿಯಬೇಕಾಗುತ್ತದೆ.

ಅಧ್ಯಕ್ಷರ ಭಾಷಣವನ್ನು ನಾಟಕದ ನಂತರಕ್ಕೆ ಇಟ್ಟು ನೋಡಿ ಎಂದು ಸಂಘಟಕರಿಗೆ ಒಂದು ಸಲಹೆ. ಭಾಷಣ ಎಷ್ಟು ಚಿಕ್ಕದಾಗುತ್ತದೆ ಎಂಬುದನ್ನು ಕಂಡು ಅಧ್ಯಕ್ಷರಿಗೇ ಆಶ್ಚರ್ಯವಾದೀತು.

ಪ್ರಶ್ನೆ: ಮುಂದಿನ ಮೂರು ಸಾಲುಗಳ ಮೇಲೆ ‘ಗಣ್ಯರಿಗೆ ಕಾಯ್ದಿರಿಸಿದೆ’ ಎಂಬ ಚೀಟಿ ಅಂಟಿಸಿದ್ದರು. ಸಭೆ ಮುಗಿದ ಕೂಡಲೇ ಗಣ್ಯರು ಹೊರಟುಹೋದರು. ನಾವು ಹಿಂದೆ ಇಕ್ಕಟ್ಟಿನಲ್ಲಿ ಕುಳಿತೇ ಇದ್ದೆವು, ಆ ಮೂರು ಸಾಲು ಕೊನೆಯವರೆಗೂ ಖಾಲಿ. ಹೋಗಿ ಕುಳಿತ ಒಬ್ಬರನ್ನು ಎಬ್ಬಿಸಿದರು. ಉಳಿದ ಸಾಲುಗಳಲ್ಲಿ ಕರವಸ್ತ್ರ, ಬ್ಯಾಗು, ನೀರಿನ ಬಾಟಲಿ ಇಟ್ಟು ಜಾಗ ಹಿಡಿದಿದ್ದರು. (ಸರಸ್ವತಿಪುರಂ ಓದುಗರು)

ಉತ್ತರ: ನಾಟಕ ಶುರುವಾಗುವ ಸೂಚನೆಯಾದ ಮೂರನೇ ಬೆಲ್ ಆದ ಮೇಲೆ ಯಾವ ಕುರ್ಚಿಯೂ ಯಾರ ಹೆಸರಿನಲ್ಲೂ ಉಳಿಯಬಾರದು. ಕಾಯ್ದಿರಿಸುವುದು ತಪ್ಪಲ್ಲ, ತಂಡದ ಮನೆಯವರು, ವಿಮರ್ಶಕರು, ದಾನಿಗಳು ಬರುತ್ತಾರೆ, ಅವರಿಗೆ ಒಂದು ಸಾಲು ಇರಲಿ. ಆದರೆ ಮೂರನೇ ಬೆಲ್ಲಿಗೆ ಸ್ವಯಂಸೇವಕರೇ ಬಂದು ಚೀಟಿ ಕಿತ್ತು, ಹಿಂದಿನವರನ್ನು ಮುಂದಕ್ಕೆ ಕರೆಯಬೇಕು. ಪ್ರೇಕ್ಷಕರು ತಾವಾಗಿ ನುಗ್ಗುವುದಕ್ಕೂ ಕರೆದು ಕೂರಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ನಟರ ದೃಷ್ಟಿಯಿಂದ ನೋಡಿದರೂ ಇದು ಅಗತ್ಯ. ಸಣ್ಣ ರಂಗಮಂದಿರದಲ್ಲಿ ನಟನಿಗೂ ಮೊದಲ ಸಾಲಿಗೂ ನಡುವೆ ಎಂಟು ಹತ್ತು ಅಡಿಯಷ್ಟೇ ಇರುತ್ತದೆ. ಆ ಜಾಗದಲ್ಲಿ ಮೂರು ಸಾಲು ಖಾಲಿ ಕುರ್ಚಿ ಇಟ್ಟುಕೊಂಡು ಹಾಸ್ಯದ ಮಾತನ್ನು ಆಡಿ, ನಗೆ ದೂರದಿಂದ ಬರುವುದನ್ನು ಕಾಯುವುದು ಎಂಥ ಶಿಕ್ಷೆ ಎಂದು ಯಾವ ನಟರನ್ನು ಬೇಕಾದರೂ ಕೇಳಿ.

ಕರವಸ್ತ್ರದ ಕಾಯಿಲೆಗೆ ಮದ್ದು ಟಿಕೆಟ್ಟಿನ ಮೇಲೆ ಕುರ್ಚಿಯ ಸಂಖ್ಯೆ ಬರೆಯುವುದು. ಸಂಖ್ಯೆ ಬರೆದರೆ ಬೇಗ ಬಂದವರಿಗೆ ಲಾಭವಿಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಬೇಗ ಟಿಕೆಟ್ ಕೊಂಡವರಿಗೆ ಲಾಭವಿದೆಯಲ್ಲ, ಸಾಕು. ಸಂಖ್ಯೆ ಬೇಡವೆಂದಾದರೆ, ಒಬ್ಬರು ಒಂದೇ ಕುರ್ಚಿಗೆ ವಸ್ತು ಇಡಬಹುದು, ಎರಡನೇ ಬೆಲ್ಲಿಗೆ ಅದನ್ನು ತೆಗೆಯಲಾಗುತ್ತದೆ ಎಂದು ಬಾಗಿಲಲ್ಲೇ ಬರೆದು ಹಾಕಬೇಕು.

ಪ್ರಶ್ನೆ: ನನ್ನ ತಾಯಿ ಗಾಲಿಕುರ್ಚಿಯಲ್ಲಿ ಓಡಾಡುವವರು. ಅವರಿಗೆ ನಾಟಕವೆಂದರೆ ಪ್ರಾಣ. ರಂಗಮಂದಿರದ ಬಾಗಿಲಿಗೆ ಮೂರು ಮೆಟ್ಟಿಲು. ‘ನಮ್ಮ ಹುಡುಗರು ಎತ್ತಿಕೊಂಡು ಬರುತ್ತಾರೆ, ಏನೂ ಯೋಚನೆ ಮಾಡಬೇಡಿ’ ಎಂದು ಸಂಘಟಕರು ಪ್ರೀತಿಯಿಂದಲೇ ಹೇಳಿದರು. ಎತ್ತಿಕೊಂಡೂ ಬಂದರು. ಕೊನೆಯ ಸಾಲಿನ ಹಿಂದೆ, ಕಂಬದ ಪಕ್ಕ ನಿಲ್ಲಿಸಿದರು. ಇನ್ನು ಮೇಲೆ ನಾಟಕಕ್ಕೆ ಕರೆದುಕೊಂಡು ಹೋಗಬೇಡ ಎಂದು ತಾಯಿ ಹೇಳಿದ್ದಾರೆ. (ವಿಜಯನಗರದ ಓದುಗರು)

ಉತ್ತರ: ನಾಲ್ಕು ಜನ ಅಪರಿಚಿತ ಹುಡುಗರು ಸೀರೆ ಉಟ್ಟ ಹಿರಿಯ ಹೆಂಗಸೊಬ್ಬರನ್ನು ಕುರ್ಚಿ ಸಮೇತ ಎತ್ತುವಾಗ, ಸುತ್ತ ನಿಂತವರೆಲ್ಲ ನೋಡುತ್ತಿರುತ್ತಾರೆ. ಸಹಾಯ ಮಾಡಿದವರಿಗೆ ಪುಣ್ಯ ಬಂದಿರಬಹುದು, ನಿಮ್ಮ ತಾಯಿಗೆ ಆದದ್ದು ಮುಜುಗರ. ಅವರು ಹಾಗೆ ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಪ್ರೀತಿಯ ಪ್ರಶ್ನೆಗಿಂತ ಮೊದಲು ಕಾನೂನಿನ ಪ್ರಶ್ನೆಯಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, ಅದರ ನಿಯಮಗಳು 2017ರಲ್ಲಿ ಪ್ರಕಟವಾದವು. ಸರ್ಕಾರಿ ಕಟ್ಟಡ ಮಾತ್ರವಲ್ಲದೆ, ಸಾಂಸ್ಕೃತಿಕ ಮತ್ತು ಮನರಂಜನೆಯ ಚಟುವಟಿಕೆಗಾಗಿ ಜನ ಬಳಸುವ ಖಾಸಗಿ ಕಟ್ಟಡವೂ ಈ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಟ್ಟಡವೇ. ಇರುವ ಕಟ್ಟಡಗಳನ್ನು ಎಲ್ಲರೂ ಬಳಸುವಂತೆ ಮಾರ್ಪಡಿಸಲು ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷದ ಗಡುವು ಇತ್ತು; ಅದು 2022ಕ್ಕೇ ಮುಗಿದಿದೆ. ಆದ್ದರಿಂದ ನೀವು ರಂಗಮಂದಿರದವರಿಗೆ ಬರೆಯುವ ಪತ್ರದಲ್ಲಿ ‘ದಯವಿಟ್ಟು’ ಎಂಬ ಮಾತಿನ ಜೊತೆಗೆ ಈ ಕಾಯ್ದೆಯ ಹೆಸರನ್ನೂ ಸೇರಿಸಿ. ಉತ್ತರ ಬಾರದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಇಳಿಜಾರು ದಾರಿಗೆ ಒಪ್ಪಿತ ಪ್ರಮಾಣ ಒಂದಕ್ಕೆ ಹನ್ನೆರಡು. ತಲಾ 15 ಸೆಂಟಿಮೀಟರಿನ ಮೂರು ಮೆಟ್ಟಿಲೆಂದರೆ 45 ಸೆಂಟಿಮೀಟರು ಎತ್ತರ, ಅದಕ್ಕೆ 5.4 ಮೀಟರು ಉದ್ದದ ಇಳಿಜಾರು ಬೇಕು. ಬಾಗಿಲ ಮುಂದೆ ಅಷ್ಟು ಜಾಗವಿಲ್ಲದಿದ್ದರೆ ಗೋಡೆಯ ಗುಂಟ ತಿರುಗಿಸಬಹುದು. ಎರಡು ಹಲಗೆ ಜೋಡಿಸಿ ಮೆಟ್ಟಿಲ ಮೇಲೆ ಕಡಿದಾಗಿ ಇಡುವುದನ್ನು ಇಳಿಜಾರು ಎನ್ನಬಾರದು. ಅದರಲ್ಲಿ ಕುರ್ಚಿ ಹಿಂದಕ್ಕೆ ಜಾರಿದರೆ ತಡೆಯಲು ಮತ್ತೆ ಆ ನಾಲ್ಕು ಹುಡುಗರೇ ಬೇಕಾಗುತ್ತದೆ. ಒಳಗೆ ಒಂದು ಗಾಲಿಕುರ್ಚಿಗೆ 90 ಸೆಂಟಿಮೀಟರು ಅಗಲ, 120 ಸೆಂಟಿಮೀಟರು ಉದ್ದದ ಜಾಗ ಸಾಕು. ಸಾಲಿನ ತುದಿಯ ಎರಡು ಕುರ್ಚಿಗಳನ್ನು ತೆಗೆದರೆ ಬಹುಮಟ್ಟಿಗೆ ಆ ಜಾಗ ಸಿಕ್ಕಿಬಿಡುತ್ತದೆ. ಆ ಜಾಗ ಎರಡನೆಯ ಅಥವಾ ಮೂರನೆಯ ಸಾಲಿನಲ್ಲಿ ಇರಬೇಕು, ಪಕ್ಕದ ಕುರ್ಚಿ ಜೊತೆಗೆ ಬಂದವರಿಗೆ ಇರಬೇಕು. ಕೊನೆಯ ಸಾಲಿನ ಹಿಂದೆ ನಿಲ್ಲಿಸುವುದೆಂದರೆ ಒಳಗೆ ಕರೆದು ಹೊರಗೆ ಇಟ್ಟ ಹಾಗೆಯೇ.

ಮೊಣಕಾಲು ನೋವಿನ ಹಿರಿಯರ ಬಗ್ಗೆಯೂ ಮೂವರು ಓದುಗರು ಬರೆದಿದ್ದಾರೆ. ಅವರಿಗೆ ಇಳಿಜಾರಿಗಿಂತ ಹೆಚ್ಚಾಗಿ ಮೆಟ್ಟಿಲಿನ ಪಕ್ಕ ಹಿಡಿಕಂಬಿ, ಕತ್ತಲಲ್ಲಿ ಕಾಣುವಂತೆ ಮೆಟ್ಟಿಲ ಅಂಚಿಗೆ ಬಿಳಿಯ ಪಟ್ಟಿ, ಕೈ ಊರಿ ಏಳಲು ತೋಳಿರುವ ಕುರ್ಚಿ ಬೇಕು. ತೋಳಿಲ್ಲದ ಪ್ಲಾಸ್ಟಿಕ್ ಕುರ್ಚಿಯನ್ನು ಬಾಡಿಗೆಗೆ ತರುವಾಗ ಹತ್ತು ತೋಳಿನ ಕುರ್ಚಿಗಳನ್ನೂ ಕೇಳಿ ತಂದರಾಯಿತು. ನಿಮ್ಮ ತಾಯಿಯವರಿಗೆ ನಮ್ಮ ನಮಸ್ಕಾರ ತಿಳಿಸಿ. ಮುಂದಿನ ನಾಟಕಕ್ಕೆ ಎರಡು ದಿನ ಮೊದಲೇ ಫೋನ್ ಮಾಡಿ, ಯಾವ ಸಾಲು, ಯಾವ ಬಾಗಿಲು ಎಂದು ಕೇಳಿ ಖಚಿತಪಡಿಸಿಕೊಂಡು ಒಮ್ಮೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಾಟಕ ಹೌಸ್‌ಫುಲ್ ಆಗಿದ್ದರೂ ಬಂದವರನ್ನು ಬಿಡುತ್ತಲೇ ಇದ್ದರು. ಓಡಾಡುವ ದಾರಿಯಲ್ಲಿ ಕುರ್ಚಿ ಹಾಕಿದರು, ಪಕ್ಕದ ಬಾಗಿಲಿಗೆ ಅಡ್ಡವಾಗಿಯೂ ಹಾಕಿದರು. ಕೇಳಿದರೆ ‘ಜನರ ಪ್ರೀತಿಗೆ ಬಾಗಿಲು ಹಾಕಲಾಗುತ್ತದೆಯೇ?’ ಎಂದರು. (ಮಾನಸಗಂಗೋತ್ರಿಯ ವಿದ್ಯಾರ್ಥಿ)

ಉತ್ತರ: ಹಾಕಲೇಬೇಕು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಬಿದ್ದು 59 ಮಂದಿ ಸತ್ತರು. ಕೆಳಗಿನ ಟ್ರಾನ್ಸ್‌ಫಾರ್ಮರಿನಿಂದ ಎದ್ದ ಹೊಗೆ ಬಾಲ್ಕನಿಗೆ ತುಂಬಿಕೊಂಡಾಗ ಅಲ್ಲಿದ್ದವರು ಹೊರಬರಲಾಗದೆ ಉಸಿರುಗಟ್ಟಿದರು. ಹೆಚ್ಚುವರಿ ಆಸನಗಳನ್ನು ಹಾಕಿ ಓಡಾಟದ ದಾರಿ ಮತ್ತು ಹೊರಹೋಗುವ ದಾರಿಯನ್ನು ಮುಚ್ಚಿದ್ದದ್ದು ಅಷ್ಟು ಸಾವಿಗೆ ಒಂದು ಮುಖ್ಯ ಕಾರಣವಾಗಿತ್ತು. ನಾಟಕದ ರಂಗಮಂದಿರದಲ್ಲಿ ಅಪಾಯ ಕಡಿಮೆಯೇನಲ್ಲ. ಕಪ್ಪು ಪರದೆಗಳು, ಮರದ ಸೆಟ್ಟು, ಗಂಟೆಗಟ್ಟಲೆ ಉರಿದು ಕಾಯುವ ದೀಪಗಳು, ನೆಲದ ಮೇಲೆ ಹರಿದ ವೈರುಗಳು, ಅದರ ಮೇಲೆ ಕತ್ತಲು. ಸಣ್ಣ ಕಟ್ಟಡವಾದ್ದರಿಂದ ಬಾಗಿಲು ಎರಡೇ ಇರುತ್ತವೆ. ಅದರಲ್ಲಿ ಒಂದಕ್ಕೆ ಕುರ್ಚಿ ಅಡ್ಡ, ಇನ್ನೊಂದಕ್ಕೆ ಹೊರಗಿನಿಂದ ಚಿಲಕ.

ಹೌಸ್‌ಫುಲ್ ಎಂಬ ಫಲಕವನ್ನು ಹೆಮ್ಮೆಯಿಂದ ಹಾಕಿ ಬಾಗಿಲು ಮುಚ್ಚಬೇಕು. ಹಿಂದಿರುಗಿದವರಿಗೆ ಮರುದಿನ ಇನ್ನೊಂದು ಪ್ರದರ್ಶನ ಮಾಡಿದರೆ ತಂಡಕ್ಕೂ ಲಾಭವೇ. ಮುಂದೆ ನಿಮಗೆ ದಾರಿಯಲ್ಲಿ ಹಾಕಿದ ಕುರ್ಚಿ ತೋರಿಸಿದರೆ ಕೂರಬೇಡಿ. ಬಾಗಿಲಿಗೆ ಅಡ್ಡ ಇಟ್ಟಿರುವುದನ್ನು ಕಂಡರೆ ನಾಟಕ ಶುರುವಾಗುವ ಮೊದಲೇ ಎದ್ದು ಗಟ್ಟಿಯಾಗಿ ಹೇಳಿ. ಅಕ್ಕಪಕ್ಕದವರು ಮುಖ ಸಿಂಡರಿಸಿದರೂ ಚಿಂತೆಯಿಲ್ಲ.

ಪ್ರಶ್ನೆ: ಬಯಲು ರಂಗಮಂದಿರದಲ್ಲಿ ನಾಟಕ. 250 ರೂಪಾಯಿ ಟಿಕೆಟ್. ಅರ್ಧ ಗಂಟೆಯಲ್ಲಿ ಮಳೆ ಬಂದು ನಾಟಕ ನಿಂತುಹೋಯಿತು. ದುಡ್ಡು ವಾಪಸಿಲ್ಲ, ಇನ್ನೊಂದು ದಿನದ ಮಾತೂ ಇಲ್ಲ. ಬಾಗಿಲಲ್ಲಿ ಟಿಕೆಟ್ ಕೊಳ್ಳುವಾಗ ತೆರಿಗೆ ಎಂದು ಬೇರೆ ಸೇರಿಸಿದ್ದರು. (ಜಯಲಕ್ಷ್ಮೀಪುರಂ ಓದುಗರು)

ಉತ್ತರ: ತೆರಿಗೆಯ ಮಾತು ಮೊದಲು. ನಾಟಕದ ಪ್ರವೇಶ ದರ ತಲಾ 500 ರೂಪಾಯಿ ಮೀರದಿದ್ದರೆ ಅದಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಆ್ಯಪ್ ಮೂಲಕ ಕೊಂಡಾಗ ಅವರ ಬುಕಿಂಗ್ ಶುಲ್ಕದ ಮೇಲೆ ತೆರಿಗೆ ಬೀಳುತ್ತದೆ, ಅದು ಬೇರೆ. ಬಾಗಿಲಲ್ಲಿ 250 ರೂಪಾಯಿಯ ಟಿಕೆಟ್ಟಿಗೆ ತೆರಿಗೆ ಸೇರಿಸಿದ್ದರೆ ರಸೀದಿ ಕೇಳಿ.

ಮಳೆ ಯಾರ ತಪ್ಪೂ ಅಲ್ಲ. ಮಳೆ ಬಂದರೆ ಏನು ಎಂದು ಹೇಳದೆ ಟಿಕೆಟ್ ಮಾರಿದ್ದು ಸಂಘಟಕರ ತಪ್ಪು. ದುಡ್ಡು ಕೊಟ್ಟು ಟಿಕೆಟ್ ಕೊಂಡವರು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಗ್ರಾಹಕರು. ಉಚಿತ ಪ್ರವೇಶದ ನಾಟಕಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಉಚಿತ ಸೇವೆಯನ್ನು ಅದು ಹೊರಗಿಟ್ಟಿದೆ. ನೀವು ಮೊದಲು ಸಂಘಟಕರಿಗೆ ಟಿಕೆಟ್ಟಿನ ಚಿತ್ರ ಸಮೇತ ಬರೆಯಿರಿ. ಉತ್ತರವಿಲ್ಲದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷದ ಅವಧಿಯಿದೆ, ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೂ 250 ರೂಪಾಯಿಗಾಗಿ ಒಂದು ಹವ್ಯಾಸಿ ತಂಡವನ್ನು ಆಯೋಗದ ಮುಂದೆ ನಿಲ್ಲಿಸಬೇಕೆ ಎಂಬುದನ್ನು ಮೂರು ಸಲ ಯೋಚಿಸಿ ಎಂದು ನಮ್ಮ ಸಲಹೆ. ಟಿಕೆಟ್ಟಿನ ಹಿಂಬದಿಯಲ್ಲಿ ‘ಮೊದಲ ಅರ್ಧ ಗಂಟೆಯೊಳಗೆ ನಿಂತರೆ ಮರುಪ್ರದರ್ಶನ, ಅದೂ ಆಗದಿದ್ದರೆ ಹಣ ವಾಪಸು’ ಎಂದು ಅಚ್ಚು ಹಾಕಿಸುವ ಹಾಗೆ ಅವರನ್ನು ಒಪ್ಪಿಸಿದರೆ, ನಿಮ್ಮ ನಂತರ ಬರುವವರಿಗೆಲ್ಲ ಉಪಕಾರವಾಗುತ್ತದೆ.

ಪ್ರಶ್ನೆ: ವಿರಾಮ ಹತ್ತು ನಿಮಿಷ ಎನ್ನುತ್ತಾರೆ. ಮಹಿಳೆಯರ ಶೌಚಾಲಯದ ಸಾಲು ಕರಗುವುದರೊಳಗೆ ನಾಟಕ ಮತ್ತೆ ಶುರುವಾಗಿರುತ್ತದೆ. (ರಾಮಕೃಷ್ಣನಗರದ ಓದುಗರು)

ಉತ್ತರ: ನೂರೈವತ್ತು ಪ್ರೇಕ್ಷಕರಲ್ಲಿ ಎಪ್ಪತ್ತು ಮಂದಿ ಮಹಿಳೆಯರು, ಅವರಲ್ಲಿ ಮೂವತ್ತು ಮಂದಿ ಎದ್ದರು ಎನ್ನೋಣ. ಇರುವುದು ಎರಡು ಶೌಚಾಲಯ, ಒಬ್ಬರಿಗೆ ಎರಡು ನಿಮಿಷ. ಲೆಕ್ಕ 30 ನಿಮಿಷಕ್ಕೆ ಬರುತ್ತದೆ. ಹತ್ತು ನಿಮಿಷ ಎಂದು ನಿಗದಿ ಮಾಡಿದವರು ಗಂಡಸರಿರಬೇಕು. ತಂಡದವರಿಗಾಗಿ ಮೀಸಲಿಟ್ಟ ಹಿಂಬದಿಯ ಶೌಚಾಲಯವನ್ನು ವಿರಾಮದಲ್ಲಿ ಮಹಿಳೆಯರಿಗೆ ಬಿಡಬಹುದು. ಸಾಲು ಮುಗಿದಿದೆಯೇ ಎಂದು ನೋಡಿ ಬರಲು ಒಬ್ಬ ಸ್ವಯಂಸೇವಕಿಯನ್ನು ಕಳುಹಿಸಿ, ಆಮೇಲೆ ಬೆಲ್ ಹೊಡೆಯಬಹುದು. ಒಂದೂವರೆ ಗಂಟೆಯೊಳಗಿನ ನಾಟಕವಾದರೆ ವಿರಾಮವನ್ನೇ ಬಿಟ್ಟು, ಅದನ್ನು ಮೊದಲೇ ಹೇಳುವುದು ಲೇಸು. ಚಹಾ ಬಗ್ಗೆ ಬಂದ ಪತ್ರಗಳಿಗೆ ಉತ್ತರ ಚಿಕ್ಕದು: ಹೊರಗೆ ಕುಡಿದು ಮುಗಿಸಿ ಒಳಗೆ ಬನ್ನಿ.

ಪ್ರಶ್ನೆ: ನಾನು ಒಂದು ಸಣ್ಣ ತಂಡದ ಸಂಘಟಕ. ಪ್ರೇಕ್ಷಕರ ದೂರುಗಳನ್ನು ನೀವು ಅಚ್ಚು ಹಾಕುತ್ತೀರಿ, ನಮ್ಮದನ್ನೂ ಹಾಕಿ. ನಾಟಕ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಬಂದು ಮುಂದಿನ ಸಾಲು ಕೇಳುತ್ತಾರೆ. ಕತ್ತಲ ದೃಶ್ಯದಲ್ಲಿ ಮೊಬೈಲ್ ಬೆಳಗಿಸುತ್ತಾರೆ. ಚಿಪ್ಸ್ ಪೊಟ್ಟಣ ಹರಿಯುತ್ತಾರೆ. ಸಿನಿಮಾ ಮಂದಿರಕ್ಕೂ ನಮ್ಮದಕ್ಕೂ ವ್ಯತ್ಯಾಸ ಬೇಡವೇ? (ಮೈಸೂರಿನ ಸಂಘಟಕರು)

ಉತ್ತರ: ಬೇಕು. ತಡವಾಗಿ ಬಂದವರಿಗಾಗಿ ಬಾಗಿಲ ಪಕ್ಕದ ಆರೇಳು ಕುರ್ಚಿಗಳನ್ನು ಖಾಲಿ ಇಟ್ಟು, ದೃಶ್ಯ ಬದಲಾಗುವಾಗ ಮಾತ್ರ ಒಳಗೆ ಬಿಟ್ಟು, ಅಲ್ಲೇ ಕೂರಿಸಿ. ಅವರ ಟಿಕೆಟ್ಟಿನ ಸಂಖ್ಯೆ ಮುಂದಿನ ಸಾಲಿನದಾಗಿದ್ದರೂ ಸರಿ; ಮೂರನೇ ಬೆಲ್ಲಿಗೆ ಗಣ್ಯರ ಚೀಟಿ ಕೀಳುವ ನಿಯಮವೇ ಅವರಿಗೂ ಅನ್ವಯಿಸಲಿ. ಈ ಮಾತನ್ನು ಟಿಕೆಟ್ಟಿನ ಮೇಲೆ ಅಚ್ಚು ಹಾಕಿಸಿದ್ದರೆ ಬಾಗಿಲಲ್ಲಿ ಜಗಳ ಹತ್ತುವುದಿಲ್ಲ. ಮೊಬೈಲಿನ ಬಗ್ಗೆ ‘ಸ್ವಿಚ್ ಆಫ್ ಮಾಡಿ’ ಎಂದಷ್ಟೇ ಘೋಷಿಸಿದರೆ ಜನ ಸದ್ದು ನಿಲ್ಲಿಸುತ್ತಾರೆ, ಬೆಳಕು ಉಳಿಯುತ್ತದೆ. ನಟರ ಕಣ್ಣಿಗೆ ಹೊಡೆಯುವುದು ಆ ಬೆಳಕು ಎಂಬುದನ್ನು ಬಿಡಿಸಿ ಹೇಳಬೇಕು.

ಆದರೆ ಒಂದನ್ನು ಗಮನಿಸಿ. ಆರೂವರೆ ಎಂದು ಅಚ್ಚು ಹಾಕಿ ಎಂಟಕ್ಕೆ ಶುರು ಮಾಡುವ ರೂಢಿಯೇ ಜನರಿಗೆ ತಡವಾಗಿ ಬರುವುದನ್ನು ಕಲಿಸಿದೆ. ನೀವು ಆರು ತಿಂಗಳು ಹೊತ್ತಿಗೆ ಸರಿಯಾಗಿ ತೆರೆ ಎಬ್ಬಿಸಿ; ಆಮೇಲೆ ಬಾಗಿಲು ಹಾಕುವ ನೈತಿಕ ಹಕ್ಕು ನಿಮ್ಮದು.

ಪ್ರಶ್ನೆ: ನನಗೆ ಎಪ್ಪತ್ತೊಂದು, ಕಿವಿ ಸ್ವಲ್ಪ ಮಂದ. ಮೈಕಿಲ್ಲದೆ ಆಡುವ ನಾಟಕದಲ್ಲಿ ಎಲ್ಲಿ ಕುಳಿತರೆ ಮಾತು ಚೆನ್ನಾಗಿ ಕೇಳಿಸುತ್ತದೆ? (ಶ್ರೀರಂಗಪಟ್ಟಣದ ಓದುಗರು)

ಉತ್ತರ: ಎರಡರಿಂದ ನಾಲ್ಕನೇ ಸಾಲಿನೊಳಗೆ, ನಡುವಿನಲ್ಲಿ. ಬದಿಯ ಕುರ್ಚಿಗಳಲ್ಲಿ ನಟರು ಆ ಕಡೆ ತಿರುಗಿದಾಗ ಮಾತು ಕಳೆದುಹೋಗುತ್ತದೆ, ತುಟಿಯೂ ಕಾಣುವುದಿಲ್ಲ. ಕಿವಿ ಮಂದವಾದವರು ತಮಗೆ ತಿಳಿಯದೆಯೇ ತುಟಿಯನ್ನು ನೋಡಿ ಅರ್ಧ ಮಾತು ಹಿಡಿಯುತ್ತಿರುತ್ತಾರೆ. ಮೇಲೆ ಹೇಳಿದ ದಾರಿ ಪಕ್ಕದ ಕುರ್ಚಿಯ ಸಲಹೆ ರಂಗ ಕಾಣದ ತೊಂದರೆಗೆ ಹೇಳಿದ್ದು, ನಿಮಗಲ್ಲ. ಫ್ಯಾನಿನ ಕೆಳಗೆ, ಏರ್ ಕೂಲರಿನ ಎದುರಿಗೆ, ರಸ್ತೆಯ ಕಡೆಯ ಕಿಟಕಿಯ ಪಕ್ಕ ಕೂರಬೇಡಿ. ನಾಟ್ಯಗೃಹ ಬೆಟ್ಟದ ಗುಹೆಯಂತಿರಬೇಕು, ಗಾಳಿ ನುಗ್ಗದಂತೆ ಸಣ್ಣ ಕಿಟಕಿಗಳಿರಬೇಕು, ಆಗ ದನಿ ಗಂಭೀರವಾಗಿ ನಿಲ್ಲುತ್ತದೆ ಎಂದು ಭರತನೂ ಹೇಳಿದ್ದಾನೆ. ಅವನ ಕಾಲದಲ್ಲಿ ಏಪ್ರಿಲ್ ತಿಂಗಳ ತಗಡಿನ ಚಾವಣಿ ಇರಲಿಲ್ಲ, ಆದ್ದರಿಂದ ಸಂಘಟಕರು ಫ್ಯಾನು ಹಾಕುವುದನ್ನು ತಪ್ಪೆನ್ನಲಾಗದು. ಶ್ರವಣಯಂತ್ರ ಇದ್ದರೆ ನಾಟಕ ಶುರುವಾಗುವ ಮೊದಲು, ಸಭೆಯ ಸದ್ದಿನಲ್ಲೇ, ಅದರ ಮಟ್ಟವನ್ನು ಸರಿಮಾಡಿಕೊಳ್ಳಿ. ಟಿಕೆಟ್ ಕಾಯ್ದಿರಿಸುವಾಗಲೇ ಕಿವಿಯ ವಿಷಯ ತಿಳಿಸಿ ನಡುವಿನ ಕುರ್ಚಿ ಕೇಳಿ. ಸಣ್ಣ ತಂಡದವರು ಫೋನಿನಲ್ಲಿ ಹೇಳಿದ್ದನ್ನು ಸಾಮಾನ್ಯವಾಗಿ ನಡೆಸಿಕೊಡುತ್ತಾರೆ.